ಸೂಕ್ಷ್ಮಜೀವಿಗಳ ವಂಶಾವಳಿ ಹುಡುಕಿದವರು

ಫರ್ಡಿನಾಂಡ್ ಕೋನ್ 1872ರಲ್ಲಿ ಬ್ಯಾಕ್ಟೀರಿಯಾಗಳನ್ನು ನಾಲ್ಕು ಪಂಗಡ ಮಾಡಿದಾಗ ಅವರಿಗಿದ್ದ ಮುಖ್ಯ ಆಧಾರ ಆಕಾರ. ದುಂಡಗಿನವು, ಗಿಡ್ಡ ಕಡ್ಡಿಯಂಥವು, ನೀಳವಾದವು, ಸುರುಳಿ ಸುತ್ತಿದವು. ಬ್ರೆಸ್ಲಾವಿನ ಆ ಸಸ್ಯವಿಜ್ಞಾನಿಗೆ ಸೂಕ್ಷ್ಮದರ್ಶಕ ಅದಕ್ಕಿಂತ ಹೆಚ್ಚೇನನ್ನೂ ತೋರಿಸುತ್ತಿರಲಿಲ್ಲ.

ಹನ್ನೆರಡು ವರ್ಷದ ಬಳಿಕ ಬರ್ಲಿನ್‌ನಲ್ಲಿ ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಬಣ್ಣದ ಮೊರೆಹೋದರು. ನೇರಳೆ ಬಣ್ಣ ಹಚ್ಚಿ, ಅಯೋಡಿನ್ ಹಾಕಿ, ಆಲ್ಕೊಹಾಲಿನಲ್ಲಿ ತೊಳೆದಾಗ ಕೆಲವು ಜೀವಿಗಳು ಬಣ್ಣ ಉಳಿಸಿಕೊಂಡವು, ಉಳಿದವು ಬಿಟ್ಟುಕೊಟ್ಟವು. ಪೆಪ್ಟಿಡೋಗ್ಲೈಕನ್ ಎಂಬ ವಸ್ತುವಿನ ದಪ್ಪ ಕೋಶಗೋಡೆಯಿದ್ದರೆ ಬಣ್ಣ ನಿಲ್ಲುತ್ತದೆ. ಆಸ್ಪತ್ರೆಯ ಪ್ರಯೋಗಾಲಯಗಳಲ್ಲಿ ಈ ಪರೀಕ್ಷೆ ಇಂದಿಗೂ ನಡೆಯುತ್ತಿದೆ.

ಗುರುತು ಹಿಡಿಯಲು ಇವು ಸಾಕು, ನೆಂಟಸ್ತಿಕೆ ಹೇಳಲು ಸಾಲವು. ಗೋಡೆಯೇ ಇಲ್ಲದ ಮೈಕೊಪ್ಲಾಸ್ಮದಲ್ಲಿ ಗ್ರಾಂ ಬಣ್ಣ ನಿಲ್ಲುವುದಿಲ್ಲ. ಆದರೆ ಅದರ ಹತ್ತಿರದ ಬಂಧುಗಳಿರುವುದು ಬಣ್ಣ ಹಿಡಿಯುವ ಗುಂಪಿನಲ್ಲೇ. ಸೂಕ್ಷ್ಮಜೀವಿ ವಿಜ್ಞಾನಿಗಳಾದ ಸ್ಟೇನಿಯರ್ ಮತ್ತು ವಾನ್ ನೀಲ್ 1962ರಲ್ಲಿ ಪೊರೆ ಸುತ್ತಿದ ಕೋಶಕೇಂದ್ರ ಇಲ್ಲದಿರುವುದೇ ಬ್ಯಾಕ್ಟೀರಿಯಾದ ಮುಖ್ಯ ಲಕ್ಷಣವೆಂದರು. ಆದರೆ ಯಾರೋ ಇಬ್ಬರ ಬಳಿ ಒಂದು ವಸ್ತು ಇಲ್ಲವೆಂದ ಮಾತ್ರಕ್ಕೆ ಅವರು ಒಂದೇ ಮನೆತನದವರಾಗುವುದಿಲ್ಲವಲ್ಲ!

ಆ ಕೊರತೆ ನೀಗಿಸಿದ್ದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕಾರ್ಲ್ ವೋಸ್. ಪ್ರೋಟೀನು ತಯಾರಿಸುವ ರೈಬೋಸೋಮ್ ಎಲ್ಲ ಜೀವಕೋಶಗಳಲ್ಲೂ ಇದೆ, ಅದರ ಆರ್‌ಎನ್‌ಎ ಬದಲಾಗುವುದು ಬಹಳ ನಿಧಾನ; ಹಾಗಾಗಿ ದೂರದ ನೆಂಟಸ್ತಿಕೆಯ ಗುರುತೂ ಅದರಲ್ಲಿ ಉಳಿದಿರುತ್ತದೆ. ವಿಕಿರಣಶೀಲ ರಂಜಕ ಉಣಿಸಿ ಬೆಳೆಸಿದ ಜೀವಿಗಳಿಂದ ಆ ಆರ್‌ಎನ್‌ಎ ತೆಗೆದು, ಕಿಣ್ವದಿಂದ ತುಂಡರಿಸಿ, ಎಕ್ಸ್‌ರೇ ಫಿಲ್ಮಿನ ಮೇಲೆ ಮೂಡಿದ ಕಪ್ಪು ಚುಕ್ಕೆಗಳನ್ನು ಅವರು ವರ್ಷಗಟ್ಟಲೆ ಹೋಲಿಸಿದರು.

ಸಹೋದ್ಯೋಗಿ ರಾಲ್ಫ್ ವುಲ್ಫ್ ಮೀಥೇನ್ ಉತ್ಪಾದಿಸುವ ಜೀವಿಗಳನ್ನು ಬೆಳೆಸುವುದರಲ್ಲಿ ನುರಿತವರು. ಹಸುವಿನ ಹೊಟ್ಟೆಯಲ್ಲೂ ನಮ್ಮ ಗೋಬರ್ ಗ್ಯಾಸ್ ಗುಂಡಿಯಲ್ಲೂ ಇರುವ ಜಾತಿಯವು ಅವು. ಅವುಗಳ ಫಿಲ್ಮಿನಲ್ಲಿ, ಬ್ಯಾಕ್ಟೀರಿಯಾಗಳಲ್ಲಿ ಇರಲೇಬೇಕಾದ ಚುಕ್ಕೆಗಳು ಕಾಣಲಿಲ್ಲ. 1977ರಲ್ಲಿ ವೋಸ್ ಮತ್ತು ಜಾರ್ಜ್ ಫಾಕ್ಸ್ ಇವು ಬೇರೆಯೇ ಕವಲು ಎಂದು ಪ್ರಕಟಿಸಿದರು.

ಹಲವರು ನಂಬಲಿಲ್ಲ. ನೊಬೆಲ್ ವಿಜೇತ ಸಾಲ್ವಡಾರ್ ಲೂರಿಯಾ ಅವರೇ ವುಲ್ಫ್‌ಗೆ ಫೋನ್ ಮಾಡಿ ಇದರಿಂದ ದೂರವಿರುವಂತೆ ಎಚ್ಚರಿಸಿದರು. ಮ್ಯೂನಿಕ್‌ನ ಓಟೊ ಕಾಂಡ್ಲರ್ ಮಾತ್ರ ವೋಸ್ ಪರ ನಿಂತರು: ಈ ಜೀವಿಗಳ ಗೋಡೆಯಲ್ಲಿ ಬ್ಯಾಕ್ಟೀರಿಯಾಗಳಲ್ಲಿರುವ ಪೆಪ್ಟಿಡೋಗ್ಲೈಕನ್ ಇಲ್ಲವೆಂದು ಅವರ ಪ್ರಯೋಗಾಲಯವೇ ಕಂಡಿತ್ತು. ಪೊರೆಯ ಕೊಬ್ಬಿನ ರಚನೆಯೂ ಬೇರೆಯೇ ಆಗಿತ್ತು.

ವೋಸ್, ಕಾಂಡ್ಲರ್ ಮತ್ತು ವೀಲಿಸ್ 1990ರಲ್ಲಿ ಜೀವಲೋಕವನ್ನು ಬ್ಯಾಕ್ಟೀರಿಯಾ, ಆರ್ಕಿಯಾ (ಮೀಥೇನ್ ಜೀವಿಗಳಿರುವ ಆ ಬೇರೆ ಕವಲು), ಯೂಕ್ಯಾರಿಯಾ (ಗಿಡಮರ, ಮನುಷ್ಯರಂತೆ ಕೋಶಕೇಂದ್ರವಿರುವವು) ಎಂದು ಮೂರಾಗಿ ವಿಂಗಡಿಸಿದರು. ಆರ್ಕ್ಟಿಕ್ ಸಾಗರತಳದ ಕೆಸರಿನಲ್ಲಿ ಸಿಕ್ಕ ಲೋಕಿಆರ್ಕಿಯಾದ ವಂಶವಾಹಿಗಳು 2015ರಲ್ಲಿ ಬೆಳಕಿಗೆ ಬಂದಾಗ, ಗಿಡಮರಗಳಿಗೂ ಮನುಷ್ಯರಿಗೂ ಹತ್ತಿರದ ಸಂಬಂಧಿಗಳು ಈ ಆರ್ಕಿಯಾ ಕವಲಿನಲ್ಲೇ ಇವೆಯೆಂಬ ವಾದಕ್ಕೆ ದೊಡ್ಡ ಬಲ ಬಂತು.