ಸಾವನದುರ್ಗದ ಚಿತ್ರ ಬರೆದವರು

ಎಂಟನೇ ತರಗತಿಯಲ್ಲಿದ್ದಾಗ ಡ್ರಾಯಿಂಗ್ ಮೇಷ್ಟ್ರು ನಮ್ಮನ್ನು ಮೈದಾನಕ್ಕೆ ಕರೆತಂದು, ಎದುರಿಗೆ ಕಾಣುವ ಸಾವನದುರ್ಗ ಬರೆಯಿರಿ ಎಂದರು. ನಾವೆಲ್ಲ ಎರಡು ತ್ರಿಕೋನ ಹಾಕಿ ನಡುವೆ ಸೂರ್ಯನನ್ನು ಕೂರಿಸಿದೆವು. "ಕಾಣೋದನ್ನ ಬರೀರೋ, ಸೂರ್ಯ ಎಲ್ಲಿದ್ದಾನೆ ಅಲ್ಲಿ?" ಎಂದು ಮೇಷ್ಟ್ರು ನಕ್ಕರು. ಬಿ.ಇ. ಮುಗಿಸಿ, ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಎಷ್ಟೋ ವರ್ಷಗಳ ಮೇಲೆ ಅದೇ ಬೆಟ್ಟದ ಹಳೆಯ ಇಂಗ್ಲಿಷ್ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ನೋಡಿದಾಗ ಆ ಮಾತು ನೆನಪಾಯಿತು.

ಅವು ಮೂರನೇ ಮೈಸೂರು ಯುದ್ಧದ ಕಾಲದವು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಕಾನಕಾನಹಳ್ಳಿ, ಅಂದರೆ ಇಂದಿನ ಕನಕಪುರದ ದಾರಿಯಾಗಿ ಶ್ರೀರಂಗಪಟ್ಟಣದವರೆಗೆ ಹೋದ. ಎತ್ತುಗಳಿಗೆ ಮೇವಿಲ್ಲ, ದಂಡಿಗೆ ಅಕ್ಕಿಯಿಲ್ಲ. ದೊಡ್ಡ ತೋಪುಗಳನ್ನು ತಾನೇ ಹಾಳುಮಾಡಿ ಹಿಂತಿರುಗಿದ. ಶತ್ರುವಿಗೆ ಏನೂ ಸಿಗಬಾರದೆಂದು ಟಿಪ್ಪು ಸುಲ್ತಾನ ಆ ಸೀಮೆಯನ್ನು ಬರಿದು ಮಾಡಿಸಿದ್ದ. ಕಾನಕಾನಹಳ್ಳಿ ಹೀಗೆ ಎರಡು ಸಲ ಹಾಳಾಯಿತೆಂದು ಗೆಜೆಟಿಯರ್ ಹೇಳುತ್ತದೆ.

ಮತ್ತೆ ಹೊರಡುವ ಮೊದಲು ದಾರಿಯ ಕೋಟೆಗಳನ್ನು ಹಿಡಿಯಬೇಕಾಗಿತ್ತು. ಕಾಡು ಕಡಿದು ತೋಪು ಎಳೆದು ತಂದು, ಡಿಸೆಂಬರ್ 21ರಂದು ಸಾವನದುರ್ಗವನ್ನು ಹಿಡಿದರು. ಅದೇ ವಾರದಲ್ಲಿ ರಾಮಗಿರಿ (ನಮ್ಮ ರಾಮದೇವರ ಬೆಟ್ಟ), ಹುತ್ರಿದುರ್ಗಗಳೂ ಬಿದ್ದವು.

ಆ ದಂಡಿನ ಜೊತೆ ರಾಬರ್ಟ್ ಹೋಮ್ ಎಂಬ ಚಿತ್ರಕಾರನಿದ್ದ. ಕೋಲ್‌ಬ್ರೂಕ್, ಅಲನ್ ಎಂಬ ಅಧಿಕಾರಿಗಳೂ ಚಿತ್ರ ಬರೆಯುತ್ತಿದ್ದರು. ಬ್ರಿಟಿಷ್ ಸೇನೆಯ ವೂಲ್‌ವಿಚ್ ಶಾಲೆಯಲ್ಲಿ ಪಾಲ್ ಸ್ಯಾಂಡ್‌ಬಿಯಂಥ ಹೆಸರಾಂತ ಕಲಾವಿದನೇ ಡ್ರಾಯಿಂಗ್ ಮೇಷ್ಟ್ರು! ಗೋಡೆ ಎಲ್ಲಿ ತಗ್ಗು, ದಾರಿ ಎಲ್ಲಿದೆ ಎಂದು ಗುರುತಿಸಿಕೊಳ್ಳಲು ಸೈನಿಕನಿಗೆ ಆ ವಿದ್ಯೆ ಬೇಕಿತ್ತು. ಯುದ್ಧ ಮುಗಿದ ಮೇಲೆ, 1793-94ರಲ್ಲಿ, ಈ ಮೂವರ ಚಿತ್ರಗಳೂ ಲಂಡನ್ನಿನಲ್ಲಿ ಅಚ್ಚಾದವು. ಹೋಮ್‌ನ ಪುಸ್ತಕದ ಹೆಸರಿನಲ್ಲೇ 'ಟಿಪ್ಪು ಸುಲ್ತಾನನ ದೇಶ' ಎಂದಿತ್ತು. 1728ರವರೆಗೆ ಈ ದುರ್ಗವನ್ನು ಆಳಿದ ಮಾಗಡಿ ಕೆಂಪೇಗೌಡರ ವಂಶ ಆ ಹೆಸರಿನಲ್ಲಿ ಎಲ್ಲಿದೆ?

ಮುಂದೆ ಪುಟ್ಟ ಪುಟ್ಟ ಮನುಷ್ಯರು, ಹಿಂದೆ ಹಾಳೆ ತುಂಬ ಬಂಡೆ. ನೋಡಿದರೆ ಭಯವಾಗಬೇಕು. ಭಯ ಹುಟ್ಟಿಸುವ ಅಗಾಧತೆಯಲ್ಲೂ ಒಂದು ಬಗೆಯ ಸುಖವಿದೆ ಎಂದು ಎಡ್ಮಂಡ್ ಬರ್ಕ್ 1757ರಲ್ಲೇ ಬರೆದಿದ್ದ, ಅದು ಆ ಕಾಲದ ರುಚಿಯಾಗಿತ್ತು. ಸಾವನದುರ್ಗ ಅವರ ಬಾಯಲ್ಲಿ 'ಸಾವಿನ ಬಂಡೆ' ಆಯಿತು. ನನಗನಿಸುವುದು, ಇದು ಬರೀ ರುಚಿಯ ವಿಷಯವಲ್ಲ. ಮೇ ತಿಂಗಳ ಅವಮಾನ ಮರೆಯಬೇಕಾದರೆ ಗೆದ್ದ ಬೆಟ್ಟ ಅಜೇಯವೆಂದು ಕಾಣಬೇಕು. ನಿಜವಾಗಿ, ತೋಪು ಹಾರಿಸತೊಡಗಿದ ನಾಲ್ಕೈದು ದಿನಗಳಲ್ಲೇ ಅದು ಬಿತ್ತು.

ನಮ್ಮವರಿಗೆ ಆ ಬೆಟ್ಟವೆಂದರೆ ಕರಿಗುಡ್ಡ, ಬಿಳಿಗುಡ್ಡ, ಬುಡದಲ್ಲಿ ಸಾವಂದಿ ವೀರಭದ್ರಸ್ವಾಮಿ, ನರಸಿಂಹಸ್ವಾಮಿ. ಹಣ್ಣುಕಾಯಿ ಹಿಡಿದು ಹೋಗುವ ಜಾಗ. ನಾನು ನೋಡಿದ ಹಾಳೆಗಳಲ್ಲಿ ಆ ಗುಡಿಗಳಿಲ್ಲ. ಸುಟ್ಟ ಊರುಗಳಿಲ್ಲ, ಹಸಿದು ಸತ್ತ ಎತ್ತುಗಳಿಲ್ಲ. ಮುಂದೆ 1800ರಲ್ಲಿ ಪೂರ್ಣಯ್ಯನವರು ಕಟ್ಟಿಸಿದ ಪೇಟೆಗೆ ಬ್ಯಾರಿ ಕ್ಲೋಸ್‌ನ ಹೆಸರು ಬಂದು ನಮ್ಮ ರಾಮನಗರ ಕ್ಲೋಸ್‌ಪೇಟೆಯಾಯಿತು. ('ಶೋಲೆ'ಯವರು ಬಂದು ಅದೇ ಬಂಡೆಗಳನ್ನು ರಾಮಗಢ ಮಾಡಿದ್ದು ಬೇರೆ ಕಥೆ!)

ಕಳೆದ ಯುಗಾದಿಗೆ ಊರಿಗೆ ಬಂದಾಗ ಶಾಲೆಯ ಮೈದಾನದಿಂದ ಮೊಬೈಲಿನಲ್ಲಿ ಬೆಟ್ಟದ ಫೋಟೊ ತೆಗೆದೆ. ಗೆಳೆಯರೆಲ್ಲ ಚೆನ್ನಾಗಿದೆ ಅಂದರು. ಕರೆಂಟ್ ಕಂಬ, ಹೊಸ ಲೇಔಟಿನ ಬೋರ್ಡು ಬೀಳದ ಹಾಗೆ ನಾನು ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ನಿಂತಿದ್ದೆ.