ಹಂಚಿನ ಕಾರ್ಖಾನೆಯೂ ಗೋಕರ್ಣನಾಥನ ಗುಡಿಯೂ

ಕುದ್ರೋಳಿ ಎಂದರೆ ಇವತ್ತು ಎಲ್ಲರಿಗೂ ನೆನಪಾಗುವುದು ಮಂಗಳೂರು ದಸರಾ. ದೀಪದ ಸಾಲು, ಶಾರದೆಯ ಮೆರವಣಿಗೆ, ಹುಲಿವೇಷ, ಗೋಕರ್ಣನಾಥನ ಗೋಪುರ. ನಮ್ಮ ಮನೆಯಲ್ಲಿ ಮಾತ್ರ ಆ ಹೆಸರಿನ ಬೆನ್ನಿಗೆ ಮೊದಲು ಬರುತ್ತಿದ್ದದ್ದು ಹಂಚಿನ ಕಾರ್ಖಾನೆ. ಬಾಸೆಲ್ ಮಿಶನಿನವರು 1882ರಲ್ಲಿ ಇಲ್ಲಿ ತೆರೆದ ಆ ಕಾರ್ಖಾನೆಯಲ್ಲಿ ನನ್ನ ಮುತ್ತಜ್ಜ ಆವೆಮಣ್ಣು ಹದ ಮಾಡಿದರು, ಅಜ್ಜ ಪ್ರೆಸ್ಸಿನ ಎದುರು ನಿಂತರು, ಅಜ್ಜಿ ಹಸಿ ಹಂಚು ಹೊತ್ತರು. ನಮ್ಮದು ಮಿಶನ್ ಸಭೆಯ ಕುಟುಂಬ. ಮುತ್ತಜ್ಜನ ತಮ್ಮ ದೀಕ್ಷಾಸ್ನಾನ ತೆಗೆದುಕೊಳ್ಳಲಿಲ್ಲ, ಬಿಲ್ಲವರಾಗಿಯೇ ಉಳಿದರು. ಅವರ ಮಕ್ಕಳು ಮೊಮ್ಮಕ್ಕಳೆಲ್ಲ ಗೋಕರ್ಣನಾಥನ ಗುಡಿಯವರು.

ಒಬ್ಬಳೇ ತಾಯಿಯ ಮಕ್ಕಳು ಹೀಗೆ ಎರಡು ದಾರಿ ಹಿಡಿದದ್ದು ಏಕೆಂದು ಚಿಕ್ಕಂದಿನಲ್ಲಿ ಕೇಳಿದರೆ ಅಜ್ಜಿ ಬೈಬಲಿನ ವಾಕ್ಯ ಹೇಳುತ್ತಿರಲಿಲ್ಲ. "ಒಬ್ಬರಿಗೆ ಕೆಲಸ ಬೇಕಿತ್ತು, ಇನ್ನೊಬ್ಬರಿಗೆ ದೇವರ ಎದುರು ನಿಲ್ಲಬೇಕಿತ್ತು" ಎನ್ನುತ್ತಿದ್ದರು. ಊರಿನ ಚರಿತ್ರೆಯನ್ನು ಓದುತ್ತ ಹೋದ ಹಾಗೆ ಅಜ್ಜಿಯ ಮಾತು ನನಗೆ ಇನ್ನಷ್ಟು ದಿಟವಾಗಿ ಕಾಣುತ್ತಿದೆ.

ಮಿಶನಿನ ಕತೆ ಶುರುವಾಗುವುದು ಕುದ್ರೋಳಿಯಿಂದ ದೂರ, ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ. 1815ರಲ್ಲಿ ಹುಟ್ಟಿದ ಈ ಸಂಸ್ಥೆಯ ಮೊದಲ ಮೂವರು, ಸಾಮ್ಯುವೆಲ್ ಹೆಬಿಕ್, ಲೇನರ್, ಗ್ರೈನರ್, 1834ರ ಅಕ್ಟೋಬರ್ ಕೊನೆಗೆ ಮಂಗಳೂರಿಗೆ ಬಂದಿಳಿದರು. ಬ್ರಿಟಿಷರಲ್ಲದ ಮಿಶನರಿಗಳಿಗೆ ಕಂಪನಿ ಸರಕಾರದ ನೆಲದಲ್ಲಿ ಅವಕಾಶ ಸಿಕ್ಕಿದ್ದೇ ಅದರ ಹಿಂದಿನ ವರ್ಷ. ಎರಡು ವರ್ಷದ ಮೇಲೆ ಬಂದ ಹೆರ್ಮನ್ ಮೋಗ್ಲಿಂಗ್ ಶಾಲೆ ಕಟ್ಟಿದ್ದು, 1843ರಲ್ಲಿ ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ್ದು, ಮುಂದೆ ಕಿಟ್ಟೆಲ್ ನಿಘಂಟು 1894ರಲ್ಲಿ ಇಲ್ಲಿಯೇ ಅಚ್ಚಾದದ್ದು ಕನ್ನಡ ಓದಿದವರಿಗೆಲ್ಲ ಗೊತ್ತು. ಶಾಲೆಯಲ್ಲಿ ನಾನೂ ಅದನ್ನೇ ಪಾಠ ಮಾಡಿದವಳು. ಆದರೆ ನನ್ನ ಮುತ್ತಜ್ಜನಂಥವರು ಆ ನಿಘಂಟಿನ ಒಂದು ಪುಟವನ್ನೂ ತಿರುವಿದವರಲ್ಲ. ಅವರಿಗೂ ಮಿಶನಿಗೂ ನಂಟು ಬೆಸೆದದ್ದು ಮಣ್ಣು.

ಅದಕ್ಕೆ ಕಾರಣವಿತ್ತು. ಸಭೆಗೆ ಸೇರಿದವರಲ್ಲಿ ಬಹಳ ಮಂದಿ ಬಿಲ್ಲವರು, ಮೂರ್ತೆ ಕಸುಬಿನವರು. ಕಳ್ಳು ಇಳಿಸುವುದನ್ನು ಮಿಶನ್ ಒಪ್ಪುತ್ತಿರಲಿಲ್ಲ, ಹಾಗಾಗಿ ದೀಕ್ಷಾಸ್ನಾನದ ಜೊತೆಗೇ ಕಸುಬು ಬಿಡಬೇಕು. ಗೇಣಿಗೆ ಭೂಮಿ ಮಾಡುತ್ತಿದ್ದವನಾದರೆ ಧಣಿ ಅದನ್ನೂ ಬಿಡಿಸಬಹುದು. ಕೂಡುಕುಟುಂಬದ ಪಾಲು, ಗರೋಡಿಯ ಪಾಲು, ಭೂತದ ಕೋಲದಲ್ಲಿ ತನ್ನ ಮನೆತನಕ್ಕಿದ್ದ ಸ್ಥಾನ, ಇವೆಲ್ಲ ಒಂದೇ ದಿನ ಹೋಗುತ್ತಿದ್ದವು. ಹೀಗೆ ಬರಿಗೈಯಾದ ಮನುಷ್ಯನಿಗೆ ಬರೀ ಪ್ರಾರ್ಥನೆ ಕಲಿಸಿ ಕಳಿಸುವಂತಿಲ್ಲ. ಮಿಶನರಿಗಳು ಮೊದಲು ಬೇಸಾಯ ಮಾಡಿಸಿ ನೋಡಿದರು, ಮತ್ತೆ ಮಗ್ಗ ಹಾಕಿಸಿದರು. 1851ರಲ್ಲಿ ಬಂದ ಹಾಲರ್ ಎಂಬ ನೇಕಾರ ಬಲ್ಮಠದಲ್ಲಿ ಹೊಸ ಮಾದರಿಯ ಮಗ್ಗಗಳನ್ನು ನಡೆಸಿದ. ಖಾಕಿ ಬಣ್ಣದ ಬಟ್ಟೆ ತಯಾರಾದದ್ದು ಅಲ್ಲಿಯೇ.

ಹಂಚು ಬಂದದ್ದು ಅಚ್ಚುಕೂಟದ ಕೆಲಸಕ್ಕೆಂದು ಬಂದಿದ್ದ ಗಿಯೋರ್ಗ್ ಪ್ಲೆಬ್ಸ್ಟ್ ಅವರಿಂದ. ನೇತ್ರಾವತಿ ಮತ್ತು ಗುರುಪುರ ನದಿಗಳ ದಂಡೆಯ ಆವೆಮಣ್ಣು ಹಂಚಿಗೆ ತಕ್ಕದ್ದೆಂದು ಕಂಡುಕೊಂಡು ಅವರು 1865ರಲ್ಲಿ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ತೆರೆದರು. 1868ರ ಹೊತ್ತಿಗೆ ಊರಿನ ಕೆಥೊಲಿಕರಾದ ಆಲ್ಬುಕರ್ಕರು ತಮ್ಮದೇ ಕಾರ್ಖಾನೆ ಹಾಕಿದರು. ಬೇಡಿಕೆ ಏರುತ್ತ ಹೋಯಿತು, ಜೆಪ್ಪು ಸಾಲದಾಯಿತು, ಹಾಗೆ 1882ರಲ್ಲಿ ಕುದ್ರೋಳಿಯ ಸರದಿ ಬಂತು. ಪಡುವಣಕ್ಕೆ ಗುರುಪುರ ಹೊಳೆ ಇದ್ದದ್ದರಿಂದ ಮಣ್ಣಿಗೂ ಕಟ್ಟಿಗೆಗೂ ದೋಣಿಯ ದಾರಿ ಇತ್ತು, ಬಂದರೂ ಹತ್ತಿರ.

ಕೆಲಸದ ರೀತಿಯನ್ನು ಅಜ್ಜಿಯ ಬಾಯಿಂದಲೇ ಕೇಳಿದ್ದೇನೆ. ಹೊಳೆಬದಿಯ ಗದ್ದೆಯಿಂದ ಅಗೆದ ಮಣ್ಣನ್ನು ರಾಶಿ ಹಾಕಿ ನೀರು ಹೊಯ್ದು ಕೊಳೆಯಲು ಬಿಡುತ್ತಿದ್ದರು. ಜಿಗುಟು ಮಣ್ಣು ಬೇರೆ, ಮರಳು ಕೂಡಿದ ಮಣ್ಣು ಬೇರೆ, ಎರಡನ್ನೂ ಅಳತೆ ನೋಡಿ ಬೆರೆಸದಿದ್ದರೆ ಸುಡುವಾಗ ಸೀಳುತ್ತದೆ. ಅರೆದ ಮಣ್ಣನ್ನು ಹಲಗೆಯ ಆಕಾರಕ್ಕೆ ಕೊಯ್ದು, ಎಣ್ಣೆ ಸವರಿ ಪ್ರೆಸ್ಸಿನ ಅಚ್ಚಿನಲ್ಲಿಟ್ಟು ಒತ್ತಬೇಕು. ಒತ್ತಿದ ಮೇಲೆ ಅಂಚು ಕೊಯ್ಯಬೇಕು. ಅಲ್ಲಿಂದ ಹೆಂಗಸರ ಕೆಲಸ. ಹಸಿ ಹಂಚನ್ನು ಅಲುಗಾಡದಂತೆ ಹೊತ್ತು ಅಟ್ಟದ ಸಾಲುಗಳಿಗೆ ಏರಿಸಿ ನೆರಳಲ್ಲಿ ಒಣಗಿಸುವುದು. ಬಿಸಿಲಿಗೆ ಹಾಕಿದರೆ ಬಾಗುತ್ತದೆ, ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಆಟಿ ತಿಂಗಳಲ್ಲಿ ಹಂಚು ಸುಡುವ ಗೂಡಿನ ಬಿಸಿ ತಾಗುವ ಅಟ್ಟದಲ್ಲಿ ಜಾಗಕ್ಕಾಗಿ ಜಗಳವೇ ನಡೆಯುತ್ತಿತ್ತಂತೆ. ಸುಟ್ಟು ತಣಿದ ಹಂಚನ್ನು ಬೆರಳಿನ ಗೆಣ್ಣಿನಿಂದ ತಟ್ಟಿ, ನಾದ ಕೇಳಿ, ಒಂದನೇ ನಂಬ್ರ ಎರಡನೇ ನಂಬ್ರ ಎಂದು ವಿಂಗಡಿಸುತ್ತಿದ್ದರು. ಅಜ್ಜಿಯ ಕಿವಿ ಎಂಬತ್ತು ದಾಟಿದ ಮೇಲೂ ಆ ಲೆಕ್ಕ ತಪ್ಪಲಿಲ್ಲ. ಮನೆಗೆ ತಂದ ಮಣ್ಣಿನ ಪಾತ್ರೆಯನ್ನೂ ತಟ್ಟಿ ನೋಡದೆ ಒಳಗಿಡುತ್ತಿರಲಿಲ್ಲ.

ನೂರು ಚದರ ಅಡಿ ಮಾಡಿಗೆ ಸುಮಾರು 150 ಹಂಚು ಬೇಕು. ಅದಕ್ಕೆ ಮೊದಲು ಬಡವರ ಮಾಡೆಲ್ಲ ಮುಳಿಹುಲ್ಲು ಇಲ್ಲವೇ ತೆಂಗಿನ ಮಡಲು. ವರ್ಷ ವರ್ಷ ಹೊದೆಸಬೇಕು, ಒಂದು ಕಿಡಿ ಬಿದ್ದರೆ ಕೇರಿಯೇ ಹೋಗುತ್ತದೆ. ಮಂಗಳೂರು ಹಂಚು ಹಡಗೇರಿ ಬೊಂಬಾಯಿಗೆ, ಬರ್ಮಾಕ್ಕೆ, ಆಫ್ರಿಕಾದ ಪೂರ್ವ ಕರಾವಳಿಗೆ ಹೋದದ್ದನ್ನು ನಾವು ಹೆಮ್ಮೆಯಿಂದ ಬರೆಯುತ್ತೇವೆ, ಬರೆಯಬೇಕಾದದ್ದೇ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಅದನ್ನು ಹೊತ್ತ ಹೆಂಗಸಿನ ತಲೆಯ ಮೇಲೂ ಕೊನೆಗೊಂದು ದಿನ ಹಂಚಿನ ಮಾಡು ಬಂದದ್ದು.

ಕಾರ್ಖಾನೆಯಲ್ಲಿ ದಿನ ಶುರುವಾಗುತ್ತಿದ್ದದ್ದು ಪ್ರಾರ್ಥನೆಯಿಂದ. ಕನ್ನಡದ ಕೀರ್ತನೆ, ವಾಕ್ಯ, ಆಮೇಲೆ ಕೆಲಸ. ತುಳು ಮಾತಾಡುವವರ ಮಧ್ಯೆ ತುಳುವೂ ನಡೆಯುತ್ತಿತ್ತು, ಹೊಸ ಒಡಂಬಡಿಕೆ ತುಳುವಿಗೆ 1847ರಲ್ಲೇ ಬಂದಿತ್ತಲ್ಲ. ಸಭೆ ಎಂದರೆ ಭಾನುವಾರದ ಆರಾಧನೆ ಮಾತ್ರ ಆಗಿರಲಿಲ್ಲ. ಕಾಯಿಲೆ ಬಿದ್ದವರಿಗೆಂದು ಕೂಡಿಟ್ಟ ನಿಧಿ, ಮಕ್ಕಳಿಗೆ ಶಾಲೆ, ವಿಧವೆಯರಿಗೆ ಹೊಲಿಗೆ ಕೆಲಸ, ಸತ್ತರೆ ಹೊರಲು ನಾಲ್ಕು ಹೆಗಲು, ಇವೆಲ್ಲ ಸಭೆಯ ಲೆಕ್ಕಕ್ಕೇ ಬರುತ್ತಿದ್ದವು. ನಮ್ಮ ಮನೆಯಲ್ಲಿ ಅನ್ನಕ್ಕಿಡುವ ಮೊದಲು ಒಂದು ಹಿಡಿ ಅಕ್ಕಿಯನ್ನು ಬೇರೆ ಡಬ್ಬಕ್ಕೆ ಹಾಕುವುದಿತ್ತು, ತಿಂಗಳ ಕೊನೆಗೆ ಸ್ತ್ರೀ ಸಮಾಜದವರು ಬಂದು ಅಳೆದು ಒಯ್ಯುತ್ತಿದ್ದರು. ಸುಗ್ಗಿ ಹಬ್ಬಕ್ಕೆ ಕುಂಬಳಕಾಯಿ, ಬಾಳೆಗೊನೆ, ಕೋಳಿ ಎಲ್ಲ ದೇವಾಲಯದ ಅಂಗಳಕ್ಕೆ ಬಂದು ಏಲಂ ಆಗುತ್ತಿದ್ದವು. ಒಂದೇ ತೆಂಗಿನಕಾಯಿಯನ್ನು ಕೊಂಡವರು ಮತ್ತೆ ಸಭೆಗೇ ಕೊಟ್ಟು, ಅದು ಕೈಯಿಂದ ಕೈಗೆ ಏಲಂ ಆಗುತ್ತ ಹೋಗುವುದನ್ನು ನೋಡಿ ಬೆಳೆದವಳು ನಾನು.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಕೂಲಿ ಕೊಡುವವರೂ ಪಾಪ ಕ್ಷಮಿಸುವ ದೇವರ ಬಗ್ಗೆ ಬೋಧಿಸುವವರೂ ಒಂದೇ ಕಡೆಯವರಾದರೆ ಕೂಲಿಯವನ ನಾಲಗೆ ಕಟ್ಟುತ್ತದೆ. ಶನಿವಾರ ಕುಡಿದವನು ಸೋಮವಾರ ಕೆಲಸದ ಬಗ್ಗೆ ಹೆದರಬೇಕು. ಗರೋಡಿಯ ನೇಮ ನೋಡಲು ಹೋದದ್ದು ಸಭೆಯ ಹಿರಿಯರ ಕಿವಿಗೆ ಬಿದ್ದರೆ ಜವಾಬು ಕೊಡಬೇಕು. ಮುತ್ತಜ್ಜ ತಮ್ಮನ ಮಗಳ ಮದುವೆಗೆ ಹೋದರೂ ಊಟಕ್ಕೆ ಕೂರಲಿಲ್ಲವೆಂಬುದು ನಮ್ಮ ಎರಡೂ ಮನೆಗಳಲ್ಲಿ ತಲೆಮಾರು ದಾಟಿ ಬಂದ ನೋವು. ಮಿಶನ್ ನಮಗೆ ಅಕ್ಷರ ಕೊಟ್ಟಿತು, ಮಾಡು ಕೊಟ್ಟಿತು. ಬಿಲ್ಲವ ವೀರರಾದ ಕೋಟಿ ಚೆನ್ನಯರ ಪಾಡ್ದನವನ್ನು ನಮ್ಮ ಮನೆಯಿಂದ ಹೊರಗೆ ಹಾಕಿದ್ದೂ ಅದೇ. ಅದೇ ಮಿಶನಿನ ಮ್ಯಾನರ್ ತುಳು ಪಾಡ್ದನಗಳನ್ನು ಕೂಡಿಸಿ ಅಚ್ಚು ಹಾಕಿಸಿದರು. ನಾನು ನನ್ನ ಪೂರ್ವಜರ ಹಾಡನ್ನು ಓದಿದ್ದು ಕೊನೆಗೆ ಆ ಪುಸ್ತಕದಲ್ಲಿ.

ಬಿಲ್ಲವರೆಲ್ಲ ಸಭೆಯ ಬಾಗಿಲಿಗೇ ಬಂದರೆಂದಲ್ಲ. ಜಾತಿಯ ಅವಮಾನದಿಂದ ಹೊರಬರುವ ದಾರಿಯನ್ನು ಅವರು ಹಲವು ಕಡೆ ಹುಡುಕಿದರು. 1870ರ ಹೊತ್ತಿಗೆ ಅರಸಪ್ಪ ಎಂಬ ಬಿಲ್ಲವ ಮುಖಂಡರು ಕಲ್ಕತ್ತದ ಕೇಶವಚಂದ್ರ ಸೇನರಿಗೆ ಬರೆದು ಬ್ರಹ್ಮಸಮಾಜದ ಪ್ರಚಾರಕರನ್ನು ಮಂಗಳೂರಿಗೆ ಕರೆಸಿಕೊಂಡರು. ಬಿಲ್ಲವರು ದೊಡ್ಡ ಸಂಖ್ಯೆಯಲ್ಲಿ ಅದಕ್ಕೆ ಸೇರಲಿಲ್ಲ. ಆದರೆ ಆ ಬಿತ್ತು ಉಳ್ಳಾಲ ರಘುನಾಥಯ್ಯನವರ ಉಪಾಸನಾ ಸಭೆಯಾಗಿ ಮೊಳೆಯಿತು. ಅವರ ಪ್ರಭಾವದಲ್ಲಿ ಬೆಳೆದ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಕಟ್ಟಿದರು. ರಂಗರಾಯರ ಮೇಲೆ ಬಹಿಷ್ಕಾರ ಬಂತು. ಅವರು ಶಾಲೆಯಲ್ಲಿ ಮಧ್ಯಾಹ್ನದ ಊಟ ಹಾಕಿದರು, ಕೈಕಸುಬು ಕಲಿಸಿದರು. ಅಲ್ಲಿಯೂ ಅದೇ ನಡೆ: ಅನ್ನ, ಅಕ್ಷರ, ಕೆಲಸ.

ಕಾರ್ಖಾನೆ ತೆರೆದು ಮೂವತ್ತು ವರ್ಷ ಕಳೆದ ಮೇಲೆ ಕುದ್ರೋಳಿಯಲ್ಲಿ ಎರಡನೆಯ ಬಾಗಿಲು ತೆರೆಯಿತು. 1907ರಲ್ಲಿ ಮಂಗಳೂರಿಗೆ ರೈಲು ಬಂದಿತ್ತು. 1908ರಲ್ಲಿ ನಾರಾಯಣ ಗುರುಗಳು ತಲಶ್ಶೇರಿಯಲ್ಲಿ ಜಗನ್ನಾಥ ದೇವಸ್ಥಾನದ ಪ್ರತಿಷ್ಠೆ ಮಾಡಿದ ಸುದ್ದಿ ಇಲ್ಲಿಯ ಬಿಲ್ಲವರಿಗೆ ಮುಟ್ಟಿತು. ಕೇರಳದ ಈಳವರಿಗಾದದ್ದು ನಮಗೇಕಾಗದು ಎಂಬ ಪ್ರಶ್ನೆ ಎದ್ದಿತು. ಊರಿನ ದೇವಸ್ಥಾನಗಳಲ್ಲಿ ಬಿಲ್ಲವರಿಗೆ ಒಳಗೆ ಪ್ರವೇಶವಿರಲಿಲ್ಲ. ಕಾಣಿಕೆ ಒಳಗೆ ಹೋಗುತ್ತಿತ್ತು, ಕೊಟ್ಟವನು ಹೊರಗೇ ನಿಲ್ಲುತ್ತಿದ್ದ. ಹೊಯ್ಗೆ ಬಜಾರ್ ಕೊರಗಪ್ಪನವರ ಮುಂದಾಳ್ತನದಲ್ಲಿ ಗುರುಗಳನ್ನು ಆಹ್ವಾನಿಸಿದರು. ಗುರುಗಳು ಮಂಗಳೂರಿಗೆ ಬಂದರು, ಕುದ್ರೋಳಿಯಲ್ಲಿ ಗುಡಿ ಎದ್ದಿತು. 1912ರಲ್ಲಿ ತಮ್ಮ ಕೈಯಾರೆ ಶಿವಲಿಂಗ ಪ್ರತಿಷ್ಠೆ ಮಾಡಿ ಅದಕ್ಕೆ ಗೋಕರ್ಣನಾಥ ಎಂದು ಹೆಸರಿಟ್ಟರು.

ಮುತ್ತಜ್ಜನ ತಮ್ಮನ ಮನೆಯವರು ಆ ದಿನದ ಬಗ್ಗೆ ಹೇಳುವಾಗ ಮಂತ್ರದ ಮಾತಾಗಲಿ ಪೂಜೆಯ ಮಾತಾಗಲಿ ಮೊದಲು ಬರುವುದಿಲ್ಲ. ಹಿಂದಕ್ಕೆ ಸರಿ ಎಂದು ಯಾರೂ ಹೇಳಲಿಲ್ಲ ಎಂಬುದೇ ಮೊದಲು ಬರುತ್ತದೆ. ಮುದುಕರಾಗಿದ್ದ ಆ ತಮ್ಮ ಗರ್ಭಗುಡಿಯ ಎದುರು ಹೋದ ಮೇಲೂ ಅಭ್ಯಾಸ ಬಲದಿಂದ ಎರಡು ಹೆಜ್ಜೆ ಹಿಂದೆ ನಿಂತಿದ್ದರಂತೆ, ಮಗ ಕೈ ಹಿಡಿದು ಮುಂದೆ ನಿಲ್ಲಿಸಿದನಂತೆ. ನನ್ನ ದೊಡ್ಡಮ್ಮನೊಬ್ಬಳು ಇದನ್ನು ಹೇಳಿದಾಗಲೆಲ್ಲ ಅತ್ತಿದ್ದಾಳೆ.

ಗುರುಗಳು ಗುಡಿಯ ಜೊತೆಗೆ ಶಾಲೆ, ಶುಚಿ, ಕೈಗಾರಿಕೆ, ಸಂಘಟನೆ ಎಂದು ಹೋದಲ್ಲೆಲ್ಲ ಹೇಳುತ್ತಿದ್ದರು. ಕಳ್ಳು ಇಳಿಸಬೇಡಿ ಎಂದು ಮಿಶನಿನವರು ಹೇಳಿದ ಮಾತನ್ನು ಅವರೂ ಹೇಳಿದರು. ವ್ಯತ್ಯಾಸ ಒಂದೇ: ಅದನ್ನು ಕೇಳಲು ಯಾರೂ ತನ್ನ ಅಣ್ಣನ ಪಂಕ್ತಿಯಿಂದ ಏಳಬೇಕಾಗಿರಲಿಲ್ಲ. ಅದರಿಂದಲೇ ಬಿಲ್ಲವರು ಸಭೆಯ ಕಡೆ ಹರಿಯುವುದು ಕಡಿಮೆಯಾಯಿತು ಎಂದು ನನ್ನ ಎಣಿಕೆ. ಮಿಶನಿನ ಮಗಳಾಗಿ ಇದನ್ನು ಬರೆಯಲು ನನಗೆ ಸಂಕಟವಿಲ್ಲ.

ಮುಂದೆ ಎರಡು ವರ್ಷಕ್ಕೇ ನಮ್ಮ ಕಡೆಗೆ ಸಿಡಿಲು ಬಡಿಯಿತು. 1914ರಲ್ಲಿ ಮಹಾಯುದ್ಧ. ಜರ್ಮನ್ ಪಾದ್ರಿಗಳು ಶತ್ರು ದೇಶದ ಪ್ರಜೆಗಳಾದರು, ಅವರನ್ನು ಸರಕಾರ ಬಂಧಿಸಿ ಶಿಬಿರಕ್ಕೆ ಕಳಿಸಿತು. ಕಾರ್ಖಾನೆಗಳು ಸರಕಾರದ ವಶವಾದವು. ಯುದ್ಧ ಮುಗಿದ ಮೇಲೆ 1919ರಲ್ಲಿ ಲಂಡನ್ನಿನ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿ ಅವನ್ನು ವಹಿಸಿಕೊಂಡಿತು. ಸಭೆ ಬೇರೆ, ಕಾರ್ಖಾನೆ ಬೇರೆ ಆಯಿತು. ಅಜ್ಜ ಇದನ್ನು ಅನಾಥರಾದ ದಿನವೆಂದು ಹೇಳುತ್ತಿದ್ದರು. ನನಗನಿಸುವುದು, ನಮ್ಮ ಸಭೆ ತನ್ನ ಕಾಲಮೇಲೆ ನಿಲ್ಲಲು ಕಲಿತದ್ದು ಆಗಲೇ. ಹಿಡಿ ಅಕ್ಕಿಯ ಡಬ್ಬಕ್ಕೆ ನಿಜವಾದ ಬೆಲೆ ಬಂದದ್ದೂ ಆಗಲೇ.

ಬೇರೆ ಬೇರೆ ಸಭೆಗಳು ಒಂದಾದ ಸಂಗತಿ ಅದಕ್ಕೂ ಆಮೇಲಿನದು. ನೆಹರೂ ಮೈದಾನದ ಬಳಿಯ ಸೇಂಟ್ ಪಾಲ್ಸ್ ಇಂಗ್ಲಿಷರ ಆಂಗ್ಲಿಕನ್ ದೇವಾಲಯ, 1840ರ ದಶಕದ್ದು. ಅಲ್ಲಿಯ ಅಧಿಕಾರಿಗಳಿಗೂ ಹಂಚಿನ ಕೂಲಿಗಳಿಗೂ ಒಂದೇ ದೇವರಾದರೂ ಬೆಂಚು ಒಂದಾಗಿರಲಿಲ್ಲ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿ ಆಂಗ್ಲಿಕನ್ನರೂ ಮೆಥಡಿಸ್ಟರೂ ಮಿಕ್ಕವರೂ ಒಂದಾದರು. ನಮ್ಮವರೂ ಕಾಲಕ್ರಮದಲ್ಲಿ ಅದರೊಳಗೆ ಬಂದರು. ಸಾಹೇಬರ ದೇವಾಲಯದಲ್ಲೂ ಕೂಲಿಯ ಮೊಮ್ಮಕ್ಕಳು ಈಗ ಪ್ರಭುಭೋಜನಕ್ಕೆ ಕೈ ಚಾಚುತ್ತಾರೆ.

ಕುದ್ರೋಳಿಯ ಗುಡಿ ಮೊದಲು ಕೇರಳದ ಶೈಲಿಯದು. ಜನಾರ್ದನ ಪೂಜಾರಿಯವರ ಮುತುವರ್ಜಿಯಲ್ಲಿ ಜೀರ್ಣೋದ್ಧಾರವಾಗಿ, ಚೋಳ ಶೈಲಿಯ ಗೋಪುರದೊಡನೆ 1991ರಲ್ಲಿ ಹೊಸ ರೂಪ ಪಡೆಯಿತು. ಉದ್ಘಾಟನೆಗೆ ಬಂದವರು ರಾಜೀವ್ ಗಾಂಧಿ. ದಸರಾ ಬೆಳೆದದ್ದು ಆಮೇಲೆ. ಬೆಳಕನ್ನು ನೋಡಲು ಲಕ್ಷಗಟ್ಟಲೆ ಜನ ಬರುತ್ತಾರೆ. ಆದರೆ ನನ್ನ ಮಟ್ಟಿಗೆ 1912ರ ಸಾಲಿಗೆ ಸೇರುವ ಸಂಗತಿ 2013ರದು. ಆ ವರ್ಷ ಇಬ್ಬರು ವಿಧವೆಯರನ್ನು ಅಲ್ಲಿ ಅರ್ಚಕರನ್ನಾಗಿ ನೇಮಿಸಿದರು. ಆರತಿ ತಟ್ಟೆಯ ಎದುರು ಬರಬಾರದೆಂದು ಊರು ದೂರ ಇಟ್ಟಿದ್ದ ಹೆಂಗಸಿನ ಕೈಗೇ ಆರತಿ ಕೊಟ್ಟರು. ಅಜ್ಜಿ ವಿಧವೆಯಾಗಿ ಬಹಳ ಕಾಲ ಬದುಕಿದವರು. ಅದನ್ನು ನೋಡಲು ಅವರಿರಲಿಲ್ಲ.

ಕಾಂಕ್ರೀಟು ಬಂದು ಹಂಚಿನ ಕಾಲ ಮುಗಿಯುತ್ತ ಬಂದಂತೆ ಕಾರ್ಖಾನೆಗಳು ಒಂದೊಂದಾಗಿ ಗೂಡು ಆರಿಸಿದವು. ಹಂಚು ಹೊತ್ತ ಹೆಂಗಸರ ಹೆಣ್ಣುಮಕ್ಕಳು ಬೀಡಿ ಕಟ್ಟಿದರು, ಅವರ ಮಕ್ಕಳು ನರ್ಸು, ಟೀಚರು, ಬ್ಯಾಂಕಿನವರಾದರು. ಮಿಶನರಿಗಳ ಕಾಗದ ಪತ್ರ ಬಾಸೆಲಿನಲ್ಲೂ ನಮ್ಮ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲೂ ಜೋಪಾನವಾಗಿವೆ. ಪ್ಲೆಬ್ಸ್ಟರ ಹೆಸರು ಅಲ್ಲಿದೆ, ಹಾಲರ ಹೆಸರಿದೆ. ಅಟ್ಟ ಹತ್ತಿ ಇಳಿದ ಹೆಂಗಸರ ಹೆಸರುಗಳಿರುವುದು ಮನೆಗಳಲ್ಲಿ, ನನ್ನ ಪ್ರಾಯದವರ ಬಾಯಲ್ಲಿ. ಆದ್ದರಿಂದ ಈಗ ಭಾನುವಾರ ಆರಾಧನೆ ಮುಗಿದ ಮೇಲೆ ನಾನೂ ದೊಡ್ಡಮ್ಮನ ಮಗಳೂ ಕೂಡಿ ಕುದ್ರೋಳಿ, ಅಳಕೆ, ಬೊಕ್ಕಪಟ್ಣದ ಮುದುಕಿಯರ ಮನೆಗೆ ಹೋಗಿ ಕೇಳಿ ಬರೆದುಕೊಳ್ಳುತ್ತಿದ್ದೇವೆ: ಯಾರ ಮಗಳು, ಯಾವ ಕಾರ್ಖಾನೆ, ಎಷ್ಟನೇ ಪ್ರಾಯಕ್ಕೆ ಹೊರಲು ಶುರು, ಕೂಲಿ ಎಷ್ಟು, ಅದರಲ್ಲಿ ಮೊದಲು ಕೊಂಡದ್ದೇನು. ಸಭೆಯವರು, ಗುಡಿಯವರು, ಬ್ಯಾರಿಗಳು, ಮೊಗವೀರರು ಎಲ್ಲರ ಹೆಸರೂ ಒಂದೇ ಪುಸ್ತಕಕ್ಕೆ ಹೋಗುತ್ತಿದೆ.