ಬೆಲೆಯಿಲ್ಲದ ಓಲೆ: ಕೊಯಮತ್ತೂರಿನ ಕಿರುಪತ್ರಿಕೆಯೂ ನಮ್ಮ ಶಾಲೆಯ ಟಪಾಲು ಪುಸ್ತಕವೂ

ನಮ್ಮ ಶಾಲೆ ಬಾಗಿಲು ತೆರೆದ ಕಾಲಕ್ಕೆ ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಬಂದಿತು. ಅಲ್ಲಿಯವರೆಗೆ ಜಿಲ್ಲಾ ಕಚೇರಿಯ ಕೆಲಸವೆಂದರೆ ನಮ್ಮ ಹಿರಿಯರು ಕೊಯಮತ್ತೂರಿನ ದಾರಿ ಹಿಡಿಯಬೇಕಾಗಿತ್ತು. ಗಡಿ ಸರಿದರೂ ನಂಟು ಸರಿಯಲಿಲ್ಲ. ಕೊಯಮತ್ತೂರು, ತಿರುಪ್ಪೂರು ಸೀಮೆಗಳಲ್ಲಿ ಮನೆಯೊಳಗೆ ಕನ್ನಡವಾಡುವ ದೇವಾಂಗ ನೇಕಾರ ಕುಟುಂಬಗಳು ಇಂದಿಗೂ ಇವೆ. ನಮ್ಮ ಊರಿನ ಮಗ್ಗದ ಮನೆಗಳಲ್ಲಿ ಕೆಲವರು ಅಲ್ಲಿಂದ ಹೆಣ್ಣು ತಂದವರು, ಕೆಲವರು ಅಲ್ಲಿಗೆ ಹೆಣ್ಣು ಕೊಟ್ಟವರು.

ಈ ಸಂಪುಟದ ಸಲುವಾಗಿ ಶಾಲೆಯ ಹಳೆಯ ಬೀರುವನ್ನು ಬರಿದು ಮಾಡಿದಾಗ, ಹಾಜರಿ ಪುಸ್ತಕಗಳ ಅಡಿಯಲ್ಲಿ ನಮಗೆ ಟಪಾಲು ರವಾನೆಯ ಪುಸ್ತಕವೊಂದು ದೊರೆಯಿತು. ಇಲಾಖೆಗೆ ಹೋದ ಪತ್ರಗಳ ಸಾಲುಗಳ ನಡುವೆ ಅಲ್ಲಲ್ಲಿ ಬೇರೊಂದು ಕೈಬರಹ ಕಾಣುತ್ತದೆ: ‘ಪದ್ಯ, ಒಂದು ಹಾಳೆ, ಧಾರವಾಡ’, ‘ಪದ್ಯ, ಎರಡು ಹಾಳೆ, ಮೈಸೂರು’. ಶಾಲೆಯ ಅಂಚೆ ಖರ್ಚಿನಲ್ಲಿ ಮಕ್ಕಳ ಪದ್ಯಗಳನ್ನು ಪತ್ರಿಕೆಗಳಿಗೆ ಕಳುಹಿಸಿದವರು ನಮ್ಮ ಕನ್ನಡ ಮೇಷ್ಟ್ರು. ಇದು ನಿಯಮಕ್ಕೆ ಹೊಂದುತ್ತಿತ್ತೇ ಎಂಬುದನ್ನು ಕೆದಕುವ ಇಚ್ಛೆ ನಮಗಿಲ್ಲ. ಅವರಿಗೆ ಈ ಹುಚ್ಚು ಹತ್ತಿದ್ದು ಮಾತ್ರ ಕೊಯಮತ್ತೂರಿನಿಂದ. ನೆಂಟರ ಮನೆಗೆ ಹೋಗಿ ಬರುವಾಗ ಅವರ ಕೈಚೀಲದಲ್ಲಿ ತೆಳುವಾದ ತಮಿಳು ಪತ್ರಿಕೆಯೊಂದಿರುತ್ತಿತ್ತು. ಅದರ ಹೆಸರು ‘ವಾನಂಬಾಡಿ’.

‘ವಾನಂ’ ಎಂದರೆ ನಮ್ಮ ಬಾನು. ‘ಪಾಡು’ ಎಂಬುದು ಹಳಗನ್ನಡದಲ್ಲಿಯೂ ಪಾಡೇ, ಪಕಾರವು ಹಕಾರವಾದ ಮೇಲೆ ಹಾಡು. ಹೆಸರನ್ನು ಕಪ್ಪು ಹಲಗೆಯ ಮೇಲೆ ಬರೆದು, ಬಾನಿನಲ್ಲಿ ಹಾಡುವ ಹಕ್ಕಿಯೆಂದು ಬಿಡಿಸಿ ಹೇಳಿದ ಆ ಪಾಠ ನಮ್ಮಲ್ಲಿ ಹಲವರಿಗೆ ವ್ಯಾಕರಣ ಪುಸ್ತಕಕ್ಕಿಂತ ಹೆಚ್ಚು ನೆನಪಿದೆ.

ವಾನಂಬಾಡಿಯ ಮೊದಲ ಸಂಚಿಕೆ ಹೊರಬಂದದ್ದು 1971ರ ಅಕ್ಟೋಬರಿನಲ್ಲಿ, ಹತ್ತಿ ಗಿರಣಿಗಳ ಊರಾದ ಕೊಯಮತ್ತೂರಿನಲ್ಲಿ. ಪುವಿಯರಸು, ಸಿರ್ಪಿ ಬಾಲಸುಬ್ರಹ್ಮಣ್ಯಂ, ಜ್ಞಾನಿ, ಮುಲ್ಲೈ ಆದವನ್, ಅಗ್ನಿಪುತ್ರನ್ ಮೊದಲಾದವರು ಅದರ ಹಿಂದಿದ್ದರು. ಇವರಲ್ಲಿ ಪ್ರಮುಖರು ಪಾಠ ಹೇಳಿ ಬದುಕಿದವರೆಂಬುದು ಶಾಲೆಯೊಂದರ ಸಂಪುಟದಲ್ಲಿ ಹೇಳಲೇಬೇಕಾದ ಮಾತು. ಪುವಿಯರಸು ಈಗ ತಿರುಪ್ಪೂರು ಜಿಲ್ಲೆಯಲ್ಲಿರುವ ಉಡುಮಲೈಪೇಟೆಯವರು. ಜಗನ್ನಾಥನ್ ಎಂಬ ತಮ್ಮ ಹೆಸರನ್ನೇ ತಮಿಳಿಗೆ ತಿರುಗಿಸಿ ಪುವಿಯರಸು, ಅಂದರೆ ಭುವಿಯ ಅರಸು, ಎಂದು ಮಾಡಿಕೊಂಡವರು. ಪೊಳ್ಳಾಚಿಯ ಸಿರ್ಪಿಯವರು ಬಾಲ್ಯದಲ್ಲಿ ಶಾಲೆ ಕಲಿತದ್ದು ಗಡಿಯಾಚೆಯ ಪಾಲಕ್ಕಾಡಿನ ಕಡೆ, ಮಲಯಾಳದಲ್ಲಿ. ಕಲಿತ ಭಾಷೆಯೊಂದು, ಬರೆದ ಭಾಷೆ ಇನ್ನೊಂದು. ಆದರೂ ಮಲಯಾಳವನ್ನು ಅವರು ಕೈಬಿಡಲಿಲ್ಲ, ಅಲ್ಲಿಂದ ತಮಿಳಿಗೆ ಅನುವಾದಿಸುತ್ತಲೇ ಬಂದರು. ಎರಡು ಭಾಷೆಗಳ ನಡುವೆ ಬೆಳೆದ ನಮ್ಮಂಥ ಗಡಿಸೀಮೆಯ ಮಕ್ಕಳಿಗೆ ಈ ಸಂಗತಿ ದೊಡ್ಡ ಧೈರ್ಯ ಕೊಟ್ಟಿತು.

ಪತ್ರಿಕೆಯು ತನ್ನನ್ನು ‘ವಿಲೈಯಿಲಾ ಕವಿಮಡಲ್’ ಎಂದು ಕರೆದುಕೊಂಡಿತು. ಮಡಲ್ ಎಂದರೆ ಓಲೆ, ವಿಲೈ ಎಂದರೆ ಬೆಲೆ. ಕೊಳ್ಳಲು ಕಾಸು ಬೇಡವಾದ ಓಲೆ, ಬೆಲೆ ಕಟ್ಟಲಾಗದ ಓಲೆ, ಎರಡೂ ಅರ್ಥ ಕನ್ನಡದಲ್ಲಿಯೂ ಹಾಗೆಯೇ ನಿಲ್ಲುತ್ತವೆ. ಓದುಗನಿಂದ ಹಣ ಬಯಸದ ಪತ್ರಿಕೆಗೆ ಕಾಗದದ ಖರ್ಚು, ಮೊಳೆ ಜೋಡಿಸುವವರ ಕೂಲಿ, ಅಂಚೆಯ ವೆಚ್ಚ ಎಲ್ಲವೂ ಬರೆಯುವವರ ಮತ್ತು ಅವರ ಸ್ನೇಹಿತರ ಜೇಬಿನಿಂದಲೇ ಬರಬೇಕು. ಆ ಕಾಲದ ಕಿರುಪತ್ರಿಕೆಗಳ ರೀತಿಯೇ ಅದು. ತೆರೆದ ಲಕೋಟೆಯಲ್ಲಿ ಬುಕ್ ಪೋಸ್ಟ್ ಮಾಡಿದರೆ ಆಗ ಅಂಚೆಯ ದರ ಕಡಿಮೆಯಾಗುತ್ತಿತ್ತು. ಹಲವು ಪತ್ರಿಕೆಗಳ ಹಿಂಬದಿಯಲ್ಲಿ ‘ಖಾಸಗಿ ಪ್ರಸಾರಕ್ಕೆ ಮಾತ್ರ’ ಎಂಬ ಸಾಲು. ಪುಟಗಳು ಕೆಲವೇ. ಹೊಸ ಕವಿತೆ ಚಿಕ್ಕದಾದುದಕ್ಕೆ ಕಾವ್ಯಮೀಮಾಂಸೆಯ ಕಾರಣಗಳನ್ನು ವಿದ್ವಾಂಸರು ಹೇಳುತ್ತಾರೆ, ಅವು ಇರಲಿ. ಅರ್ಧ ಪುಟದಲ್ಲಿ ಇಬ್ಬರಿಗೆ ಜಾಗ ಮಾಡಿಕೊಡಬೇಕಾದ ಸಂಪಾದಕನ ಇಕ್ಕಟ್ಟೂ ಒಂದು ಕಾರಣವೆಂದು ನಾವು ನಂಬುತ್ತೇವೆ. ನಮ್ಮಲ್ಲಿ ದಿನಕರ ದೇಸಾಯಿಯವರ ನಾಲ್ಕು ಸಾಲಿನ ಚುಟುಕ ಮನೆಮಾತಾದದ್ದರಲ್ಲಿಯೂ ಪತ್ರಿಕೆಯ ಮೂಲೆಯಲ್ಲಿ ಹಿಡಿಸುವ ಅದರ ಗಾತ್ರದ ಪಾಲಿದೆ.

ವಾನಂಬಾಡಿಗಿಂತ ಮೊದಲು ತಮಿಳಿನ ಹೊಸ ಕವಿತೆಗೆ ನೆಲೆಯಾಗಿದ್ದುದು ಮದರಾಸಿನಲ್ಲಿ ಸಿ. ಸು. ಚೆಲ್ಲಪ್ಪ ಅವರು 1959ರಿಂದ 1970ರವರೆಗೆ ನಡೆಸಿದ ‘ಎಳುತ್ತು’. ಅಲ್ಲಿನ ಕವಿತೆ ಬಹುಮಟ್ಟಿಗೆ ಒಂಟಿ ಮನಸ್ಸಿನ ಒಳಗುದಿ. ಕೊಯಮತ್ತೂರಿನವರು ಅದಕ್ಕೆ ಎದುರಾಗಿ ಜಾತಿ, ಬಡತನ, ದುಡಿಮೆ, ಅಧಿಕಾರಗಳನ್ನು ಕುರಿತು ಗಟ್ಟಿಯಾದ ದನಿಯಲ್ಲಿ ಹಾಡಿದರು. 1973ರಲ್ಲಿ ಬಂದ ‘ವೆಳಿಚ್ಚಂಗಳ್’ ಎಂಬ ಅವರ ಸಂಕಲನ ಹೊಸ ಕವಿತೆಯನ್ನು ಪಂಡಿತರ ಕೋಣೆಯಿಂದ ಕಾಲೇಜಿನ ಹುಡುಗರ ಕೈಗೆ ತಂದಿತು. ದನಿ ಕೆಲವೊಮ್ಮೆ ವೇದಿಕೆಯ ಭಾಷಣವಾಯಿತು ಎಂಬ ಟೀಕೆಯೂ ಬಂದಿತು. ಅದರಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಕನ್ನಡದಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ರೂಪುಗೊಂಡದ್ದು 1979ರಲ್ಲಿ. ಆ ಬಿಸಿಯ ಮೊದಲ ಅನುಭವ ನಮ್ಮ ತರಗತಿಗೆ ನೆರೆಭಾಷೆಯಿಂದ, ಎಂಟು ವರ್ಷ ಮೊದಲೇ ಬಂದಿತ್ತು.

ಮೇಷ್ಟ್ರು ತಮಿಳು ಕವಿತೆಯನ್ನು ಓದಿ, ಪದಪದವಾಗಿ ಕನ್ನಡದಲ್ಲಿ ಹೇಳಿ, ‘ಈಗ ನೀವು ನಿಮ್ಮದನ್ನು ಬರೆಯಿರಿ’ ಎನ್ನುತ್ತಿದ್ದರು. ತಮಿಳಿನ ಹಾಗೆ ಬರೆದರೆ ಗದರುತ್ತಿದ್ದರು. ಬರೆದದ್ದನ್ನು ಕಳುಹಿಸಬೇಕಾದರೆ ಅವರ ಕಟ್ಟುಪಾಡುಗಳು ಬಿಗಿಯಾಗಿದ್ದವು. ಆ ಪತ್ರಿಕೆಯ ಹಿಂದಿನ ಸಂಚಿಕೆಗಳನ್ನು ಓದದವನ ಪದ್ಯ ಅಂಚೆಗೆ ಹೋಗುವಂತಿಲ್ಲ. ಹಾಳೆಯ ಒಂದೇ ಬದಿಯಲ್ಲಿ ಬರೆಯಬೇಕು, ಪ್ರತಿಯೊಂದನ್ನು ಇಟ್ಟುಕೊಳ್ಳಬೇಕು, ಅಂಚೆಚೀಟಿ ಹಚ್ಚಿದ ಸ್ವವಿಳಾಸದ ಲಕೋಟೆ ಜೊತೆಗಿರಬೇಕು. ಒಂದೇ ಪದ್ಯವನ್ನು ಎರಡು ಕಡೆಗೆ ಕಳುಹಿಸುವುದು ಅವರ ದೃಷ್ಟಿಯಲ್ಲಿ ಒಂದೇ ಹಸುವನ್ನು ಇಬ್ಬರಿಗೆ ಮಾರಿದಂತೆ.

ಕಳುಹಿಸಲು ಕನ್ನಡದಲ್ಲಿ ಸ್ಥಳಗಳಿಗೆ ಬರವಿರಲಿಲ್ಲ. ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’ ಇತ್ತು. ಚಂದ್ರಶೇಖರ ಪಾಟೀಲ, ಸಿದ್ಧಲಿಂಗ ಪಟ್ಟಣಶೆಟ್ಟಿ, ಗಿರಡ್ಡಿ ಗೋವಿಂದರಾಜ ಅವರು 1964ರಲ್ಲಿ ಧಾರವಾಡದಲ್ಲಿ ಆರಂಭಿಸಿದ ‘ಸಂಕ್ರಮಣ’ ಇತ್ತು. ಆದರೆ ಗಡಿಯೂರಿನ ಹುಡುಗನಿಗೆ ಅವೆಲ್ಲ ಬಲು ದೂರ. ನಮ್ಮ ನುಡಿಯಲ್ಲಿ ತಮಿಳಿನ ಬನಿಯಿತ್ತು. ಅದನ್ನು ತಪ್ಪು ಕನ್ನಡವೆಂದು ತಿದ್ದಿ, ಪದ್ಯವನ್ನು ಹಿಂದಕ್ಕೆ ಕಳುಹಿಸಿದ ಪತ್ರಿಕೆಯೊಂದಿತ್ತು. ಹೆಸರು ಬೇಡ. ಆ ಕೆಂಪು ಶಾಯಿಯ ಹಾಳೆಯನ್ನು ನೋಡಿ ನಮ್ಮಲ್ಲೊಬ್ಬ ಬರೆಯುವುದನ್ನೇ ಬಿಟ್ಟ. ಮೇಷ್ಟ್ರು ಅಂದು ಏನೂ ಹೇಳಲಿಲ್ಲ. ಮರುವಾರ ಅದೇ ಪದ್ಯವನ್ನು ಒಂದಕ್ಷರವನ್ನೂ ತಿದ್ದದೆ ಶಾಲೆಯ ಕೈಬರಹದ ಪತ್ರಿಕೆಯ ಮೊದಲ ಪುಟಕ್ಕೆ ನಕಲು ಮಾಡಿಸಿದರು.

ಕಿರುಪತ್ರಿಕೆಗಳ ಆಯುಷ್ಯ ಕಿರಿದು. ಅವುಗಳಿಂದ ಹೊರಟವರು ಮಾತ್ರ ಬಹುದೂರ ನಡೆದರು. ಸಿರ್ಪಿಯವರ ‘ಒರು ಗಿರಾಮತ್ತು ನದಿ’ಗೆ 2002ರಲ್ಲಿ, ಪುವಿಯರಸು ಅವರ ‘ಕೈಯೊಪ್ಪಂ’ಗೆ 2009ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ತಿರುಪ್ಪೂರಿನಲ್ಲಿ ಬನಿಯನ್ ಕಾರ್ಖಾನೆಗಳ ಬದುಕನ್ನು ಕಾದಂಬರಿಗೆ ತಂದ ಸುಬ್ರಭಾರತಿಮಣಿಯನ್ ಅವರ ‘ಕನವು’ ಪತ್ರಿಕೆಯೂ ಇದೇ ಪರಂಪರೆಯದು. ನಮ್ಮನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಜ್ಞಾನಿಯವರ ಕಥೆ. ಸೋಮನೂರಿನವರಾದ ಅವರು ಕೊಯಮತ್ತೂರಿನ ಶಾಲೆಯಲ್ಲಿ ತಮಿಳು ಕಲಿಸಿದರು. 1980ರ ದಶಕದ ಕೊನೆಗೆ ದೃಷ್ಟಿ ಕಳೆದುಕೊಂಡರು. ಆಮೇಲೆಯೂ ಅವರು ಪತ್ರಿಕೆಯನ್ನು ಬಿಡಲಿಲ್ಲ. ‘ತಮಿಳ್ ನೇಯಂ’ ಬಂದದ್ದು ಕಣ್ಣು ಹೋದ ಮೇಲೆ. ಬೇರೆಯವರು ಓದಿ ಹೇಳಿದರು, ಅವರು ಕೇಳಿ ಬರೆಯಿಸಿದರು. 2020ರ ಜುಲೈಯಲ್ಲಿ ತೀರಿಕೊಳ್ಳುವವರೆಗೂ ಅವರ ಬಳಿಗೆ ಓದುವವರು ಬರುತ್ತಿದ್ದರು.

ನಮ್ಮ ಟಪಾಲು ಪುಸ್ತಕದಲ್ಲಿ ಪದ್ಯಗಳ ನಮೂದು ಮೇಷ್ಟ್ರ ನಿವೃತ್ತಿಯೊಂದಿಗೆ ನಿಲ್ಲುತ್ತದೆ. ಕಳುಹಿಸಿದವುಗಳಲ್ಲಿ ಅಚ್ಚಾದವು ಎಷ್ಟೆಂದು ಅವರು ಬರೆದಿಡಲಿಲ್ಲ. ಕೈಬರಹದ ಪತ್ರಿಕೆಯ ಮೂರು ಸಂಚಿಕೆಗಳು ಮಾತ್ರ ಗೆದ್ದಲಿನಿಂದ ಉಳಿದಿವೆ. ಅವುಗಳ ಪದ್ಯಗಳನ್ನು ಮುಂದಿನ ಪುಟಗಳಲ್ಲಿ, ಬರೆದ ನುಡಿಯಲ್ಲಿಯೇ, ಅಚ್ಚು ಮಾಡಿದ್ದೇವೆ. ಮೂರು ಪದ್ಯಗಳ ಕೆಳಗಿನ ಹೆಸರುಗಳನ್ನು ಹುಳು ತಿಂದಿದೆ. ತಮ್ಮ ಪದ್ಯವನ್ನು ಗುರುತಿಸಿದವರು ದಯವಿಟ್ಟು ಶಾಲೆಯ ಕಚೇರಿಗೆ ತಿಳಿಸಬೇಕಾಗಿ ಕೋರುತ್ತೇವೆ.